ಬೀರುವಿನ ಬೆನ್ನು ನೋಡಿ

ಹಳೆಯ ಮರದ ಬೀರು, ಪೆಟ್ಟಿಗೆಗಳ ವ್ಯಾಪಾರದಲ್ಲಿ ಎರಡು ಮಾತು ಸದಾ ಕೇಳಿಬರುತ್ತವೆ: ಆಂಟಿಕ್, ವಿಂಟೇಜ್. ಮೊದಲನೆಯದಕ್ಕೆ ಕಾನೂನಿನ ಅಳತೆಯೇ ಇದೆ. 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ಇಂಥ ಕುಶಲ ವಸ್ತುವಿಗೆ ಕನಿಷ್ಠ 100 ವರ್ಷವಾಗಿರಬೇಕು. ಎರಡನೆಯದಕ್ಕೆ ಅಂಥ ಗೆರೆಯಿಲ್ಲ. ಎರಡು ತಲೆಮಾರು ಬಳಸಿದ ಸಾಮಾನಿಗೆಲ್ಲ ಆ ಹೆಸರು ಸಲ್ಲುತ್ತದೆ. ಪಶ್ಚಿಮ ಬೆಂಗಳೂರಿನಲ್ಲಿ ಈ ಲೆಕ್ಕ ಮುಖ್ಯ. ರಾಜಾಜಿನಗರಕ್ಕೆ ಅಡಿಗಲ್ಲು ಬಿದ್ದದ್ದು 1949ರಲ್ಲಿ. ವಿಜಯನಗರ, ಬಸವೇಶ್ವರನಗರ ಅದಕ್ಕೂ ಈಚಿನವು. ಆ ಮನೆಗಳಿಗೆಂದೇ ಮಾಡಿಸಿದ ಬೀರು ಎಷ್ಟೇ ಚೆನ್ನಾಗಿದ್ದರೂ ಇನ್ನೂ ಆಂಟಿಕ್ ಆಗಿಲ್ಲ. ಬ್ಯಾಡರಹಳ್ಳಿಯಂಥ ಕಡೆ ಮಾತು ಬೇರೆ. ಮಾಗಡಿ ರಸ್ತೆಯುದ್ದಕ್ಕೂ ಬಡಾವಣೆಗಳ ನಡುವೆ ಹಳೆಯ ಊರುಗಳು ಸಿಕ್ಕಿಕೊಂಡಿವೆ, ಅಲ್ಲಿನ ಹೆಂಚಿನ ಮನೆ ಕೆಡವುವಾಗ ಅಟ್ಟದಿಂದ ಇಳಿಯುವ ಪೆಟ್ಟಿಗೆಗೆ ನಿಜವಾಗಿಯೂ ನೂರು ದಾಟಿರಬಹುದು.

ಹಳೆಯ ಪೆಟ್ಟಿಗೆಯ ಆಕಾರವನ್ನು ತೀರ್ಮಾನಿಸಿದ್ದು ಅದರೊಳಗೆ ಏನಿಡುತ್ತಿದ್ದರು ಎಂಬುದು. ಮಾಗಡಿ, ನೆಲಮಂಗಲದ ರಾಗಿ ಸೀಮೆಯಲ್ಲಿ ಧಾನ್ಯಕ್ಕೆ ಮರ ಬೇಕಿರಲಿಲ್ಲ. ರಾಗಿ ನೆಲದೊಳಗಿನ ಹಗೇವಿಗೆ, ಮಣ್ಣಿನ ವಾಡೆಗೆ, ಬಿದಿರಿನ ಕಣಜಕ್ಕೆ ಹೋಗುತ್ತಿತ್ತು. ಹಾಗಾಗಿ ಈ ಕಡೆಯ ಮರದ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಸೀರೆ, ಒಡವೆ, ಜಮೀನಿನ ಪತ್ರಗಳಿಗಾಗಿ ಮಾಡಿಸಿದವು: ಮಂಡಿಯೆತ್ತರ, ಭಾರದ ಮುಚ್ಚಳ, ಮೂಲೆಗಳಿಗೆ ಲೋಹದ ಪಟ್ಟಿ, ಒಳಗೊಂದು ಬದಿಯಲ್ಲಿ ಸಣ್ಣ ಗೂಡು. ಕರಾವಳಿಯಲ್ಲಿ, ಕಾಸರಗೋಡಿನಲ್ಲಿ ನೆಲ ಅಗೆದರೆ ತೇವ. ಅಲ್ಲಿ ಭತ್ತ, ಅಕ್ಕಿಯನ್ನು ನೆಲದಿಂದ ಎತ್ತರಿಸಿದ ಮರದ ಪತ್ತಾಯದಲ್ಲಿ, ಕಲೆಂಬಿಯಲ್ಲಿ ಕಾಪಾಡಿದರು. ದೊಡ್ಡ ಕಲೆಂಬಿಯ ಮುಚ್ಚಳದ ಮೇಲೆ ಒಬ್ಬರು ಮಲಗಿ ನಿದ್ದೆ ಮಾಡಬಹುದು. ನಿಂತ ಬೀರು ಇವೆಲ್ಲಕ್ಕಿಂತ ಈಚಿನದು; ಅಲಮಾರು ಎಂಬ ಪದವೇ ಪೋರ್ಚುಗೀಸರಿಂದ ಬಂದದ್ದು. 1923ರಲ್ಲಿ ಗೋದ್ರೆಜ್ ಕಂಪನಿ ಉಕ್ಕಿನ ಬೀರು ಮಾಡತೊಡಗಿತು. ಮದುವೆಯಲ್ಲಿ ಮಗಳಿಗೆ ಕೊಡುವ ಬೀರು ಕ್ರಮೇಣ ಮರದಿಂದ ಉಕ್ಕಿಗೆ ತಿರುಗಿತು, ಮರದ್ದು ಅಟ್ಟ ಸೇರಿತು. ಶಾನುಭೋಗರ ಇಳಿಜಾರು ಮುಚ್ಚಳದ ಡೆಸ್ಕಿಗೂ ಇಂಥದೇ ಕತೆಯಿದೆ. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು 1961ರ ಕಾಯ್ದೆ ರದ್ದುಮಾಡಿದ ಮೇಲೆ ಲೆಕ್ಕದ ಪುಸ್ತಕಗಳ ಜೊತೆಗೆ ಆ ಡೆಸ್ಕುಗಳೂ ಕೆಲಸ ಕಳೆದುಕೊಂಡವು. ಇಂದಿನ ಮನೆಯಲ್ಲಿ ಮಕ್ಕಳ ಪುಸ್ತಕಕ್ಕೋ ಮನೆಯ ಕಾಗದಪತ್ರಕ್ಕೋ ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಸೀರೆಯ ಪೆಟ್ಟಿಗೆಯಲ್ಲಿ ಇಂದೂ ಸೀರೆ, ಹಾಸಿಗೆಬಟ್ಟೆ ಚೆನ್ನಾಗಿರುತ್ತವೆ. ತಂತಿ ಜಾಲರಿಯ ಅಡುಗೆಮನೆ ಬೀರುವಿನಲ್ಲಿ ಗಾಳಿ ಆಡುತ್ತದೆ, ಈರುಳ್ಳಿ, ಆಲೂಗಡ್ಡೆಗೆ ಅದು ಹೇಳಿ ಮಾಡಿಸಿದ್ದು. ಮೊದಲು ಮಾಡುತ್ತಿದ್ದ ಕೆಲಸಕ್ಕೆ ಹತ್ತಿರದ ಕೆಲಸವನ್ನೇ ಕೊಟ್ಟರೆ ಹಳೆಯ ಸಾಮಾನು ಬಾಳಿಕೆ ಬರುತ್ತದೆ. ಅದನ್ನು ಕೊರೆದು ಟಿವಿ ಸ್ಟ್ಯಾಂಡ್ ಮಾಡುವುದು ಮರಕ್ಕೂ ಅದನ್ನು ಮಾಡಿದ ಆಚಾರಿಗೂ ಮಾಡುವ ಅನ್ಯಾಯ.

ಮರ ಯಾವುದೆಂದು ತಿಳಿಯುವುದು ಮುಂದಿನ ಹೆಜ್ಜೆ. ತೇಗ ಹೊಂಬಣ್ಣದಿಂದ ಕಂದಿಗೆ ತಿರುಗುತ್ತದೆ. ಮುಟ್ಟಿದರೆ ಸ್ವಲ್ಪ ಎಣ್ಣೆ ಜಿಡ್ಡು, ಒಳಬದಿ ಮೂಸಿದರೆ ಚರ್ಮದಂಥ ವಾಸನೆ. ಬೀಟೆ ಅದಕ್ಕಿಂತ ತೂಕ, ನೇರಳೆಗಪ್ಪಿನ ಗೆರೆಗಳು ಎದ್ದು ಕಾಣುತ್ತವೆ. ಹಲಸು ಕುಯ್ದಾಗ ಹಳದಿ. ವರ್ಷಗಳು ಕಳೆದಂತೆ ಕೆಂಗಂದಾಗುತ್ತದೆ, ಹಾಗಾಗಿ ಪಾಲಿಶ್ ಹಚ್ಚಿದ ಹಲಸನ್ನು ತೇಗವೆಂದು ಮಾರುವುದು ಸುಲಭ. ಹೊನ್ನೆಗೆ ಚೆಂದದ ಪರೀಕ್ಷೆಯೊಂದಿದೆ: ಅದರ ಚೇಗಿನ ಸಣ್ಣ ಸಿಬಿರನ್ನು ನೀರಿನಲ್ಲಿ ನೆನೆಹಾಕಿದರೆ ನೀರು ಹಳದಿಯಾಗಿ, ಬೆಳಕಿಗೆ ಹಿಡಿದಾಗ ನೀಲಿ ಹೊಳಪು ಕೊಡುತ್ತದೆ. ಬೆಲೆ ದೊಡ್ಡದಿದ್ದು ಸಂಶಯ ಉಳಿದರೆ ದೂರ ಹೋಗಬೇಕಿಲ್ಲ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾದ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಮಲ್ಲೇಶ್ವರದಲ್ಲೇ ಇದೆ. ಮರದ ಜಾತಿ ಗುರುತಿಸುವುದು ಅದರ ಕೆಲಸಗಳಲ್ಲೊಂದು.

ಬೀರುವಿನ ಮುಖವನ್ನು ಯಾರಾದರೂ ಹೊಳೆಯಿಸಬಲ್ಲರು. ವಯಸ್ಸು ತಿಳಿಯುವುದು ಬೆನ್ನಿನಲ್ಲಿ, ಅಡಿಯಲ್ಲಿ, ಡ್ರಾಯರಿನ ಒಳಬದಿಯಲ್ಲಿ. ಹಳೆಯ ಆಚಾರಿ ಮುಂಭಾಗಕ್ಕೆ ತೋಪಡ ಹೊಡೆದು ನುಣುಪು ಮಾಡುತ್ತಿದ್ದ, ಹಿಂಭಾಗವನ್ನು ಒರಟಾಗಿಯೇ ಬಿಡುತ್ತಿದ್ದ. ಕೈಗರಗಸದ ಗೀರು ನೇರವಾಗಿದ್ದರೂ ಅಂತರ ಒಂದೇ ಸಮ ಇರುವುದಿಲ್ಲ. ಯಂತ್ರದ ದುಂಡು ಗರಗಸದ್ದು ಕಮಾನಿನಂತೆ ಬಾಗಿರುತ್ತದೆ. ಮೂಲೆಯಲ್ಲಿ ಹಲಗೆಗಳು ಒಂದರ ಹಲ್ಲು ಇನ್ನೊಂದರ ಕಚ್ಚಿನಲ್ಲಿ ಕೂತು ಹಿಡಿದುಕೊಂಡಿವೆಯೇ, ಹಲ್ಲುಗಳ ಅಳತೆಯಲ್ಲಿ ಕೈಕೆಲಸದ ಸಣ್ಣ ಏರುಪೇರು ಇದೆಯೇ, ಮರದ ಬೆಣೆ ಕಾಣುತ್ತದೆಯೇ ಎಂದು ನೋಡಬೇಕು. ನಕ್ಷತ್ರದ ಗೀಟಿನ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ, ಅಮೆರಿಕದಲ್ಲಿ. ಶತಮಾನದ ಹಿಂದಿನದೆನ್ನುವ ಪೆಟ್ಟಿಗೆಯ ಎಲ್ಲ ಕೀಲುಗಳಲ್ಲೂ ಅವೇ ಇದ್ದು, ಹಳೆಯ ತೂತುಗಳ ಗುರುತೂ ಇಲ್ಲದಿದ್ದರೆ ಕತೆ ನಂಬುವಂತಿಲ್ಲ. ಬೆನ್ನಿಗೆ ಪ್ಲೈವುಡ್ ಬಡಿದಿದ್ದರೆ ಅದು ದುರಸ್ತಿ ಇರಬಹುದು, ಮೋಸವೇ ಆಗಬೇಕಿಲ್ಲ. ಬೆಲೆ ಮಾತ್ರ ಇಳಿಯಬೇಕು. ಸವೆತಕ್ಕೂ ಕಾರಣವಿರಬೇಕು. ನಿಜವಾದ ಸವೆತ ಕೈ ತಾಗುವ ಕಡೆ, ಬೀಗದ ಸುತ್ತ, ಡ್ರಾಯರು ಉಜ್ಜುವ ಪಟ್ಟಿಯ ಮೇಲೆ, ನೆಲ ಒರೆಸುವಾಗ ಒದ್ದೆಯಾಗುವ ಕಾಲುಗಳಲ್ಲಿ ಇರುತ್ತದೆ. ಕೈ ತಾಗದ ಮೂಲೆಯಲ್ಲೂ ಅಷ್ಟೇ ಏಟು ಬಿದ್ದಿದ್ದರೆ ಅದು ಬೇಕೆಂದೇ ಹಾಕಿದ ಏಟು.

ಬೆಂಗಳೂರಿಗೆ ಹಳೆಯ ಸಾಮಾನು ಬರುವ ದಾರಿಗಳಲ್ಲಿ ತಮಿಳುನಾಡಿನ ಕಾರೈಕುಡಿ ದೊಡ್ಡದು. ಚೆಟ್ಟಿಯಾರರು ಬರ್ಮಾದ ತೇಗ ತರಿಸಿ ಕಟ್ಟಿಸಿದ ಮನೆಗಳ ಬೀರು, ಪೆಟ್ಟಿಗೆಗಳು ಅಲ್ಲಿನ ಅಂಗಡಿಗಳಲ್ಲಿ ಬಿಕರಿಯಾಗುತ್ತವೆ. ರಾಜಸ್ಥಾನದ ಜೋಧಪುರದಿಂದ ಬರುವುದರಲ್ಲಿ ಬಹುಪಾಲು ಮಾವು, ಶೀಶಂ ಮರದಲ್ಲಿ ಹೊಸದಾಗಿ ಮಾಡಿ ಹಳೆಯ ರೂಪ ಕೊಟ್ಟದ್ದು. ಹೊಸದೆಂದು ಹೇಳಿ ಮಾರಿದರೆ ಅದರಲ್ಲಿ ತಪ್ಪಿಲ್ಲ. ಮೂರನೆಯ ಬಗೆಯೊಂದಿದೆ: ಕೆಡವಿದ ಮನೆಯ ಬಾಗಿಲು, ತೊಲೆಗಳನ್ನು ಸೀಳಿ ಮಾಡಿದ ಬೀರು. ಇದರ ಮರ ಹಳೆಯದು, ಬೀರು ಹೊಸದು. ಚೆನ್ನಾಗಿ ಒಣಗಿದ ತೇಗ ಸಿಗುವುದರಿಂದ ದಿನಬಳಕೆಗೆ ಇದು ಒಳ್ಳೆಯ ಆಯ್ಕೆಯೇ.

ಕೊಳ್ಳುವ ಮುನ್ನ ಹುಳದ ತಪಾಸಣೆ ತಪ್ಪಿಸಬಾರದು. ಗುಂಡುಸೂಜಿಯ ತಲೆಯಷ್ಟು ತೂತುಗಳಿದ್ದ ಮಾತ್ರಕ್ಕೆ ಹೆದರಬೇಕಿಲ್ಲ. ಹುಳ ಎಂದೋ ಹಾರಿಹೋಗಿರಬಹುದು. ಬಿಳಿ ಕಾಗದ ಹಾಸಿ ಬೀರುವನ್ನು ತಟ್ಟಿದಾಗ ಹಿಟ್ಟಿನಂಥ ಹೊಸ ಪುಡಿ ಉದುರಿದರೆ ಕುಟ್ಟೆ ಇನ್ನೂ ಒಳಗಿದೆ. ಅಂಥದ್ದನ್ನು ಮದ್ದು ಹಾಕಿಸದೆ ಮನೆಯೊಳಗೆ ತರಬಾರದು. ಬಣ್ಣ ಹೊಡೆದ ಸಾಮಾನಿನಲ್ಲಿ ಅಪಾಯ ಬೇರೆ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣ ಮರಳು ಕಾಗದದಿಂದ ಉಜ್ಜಿದರೆ ಸೀಸದ ಧೂಳು ಏಳಬಹುದು. ಪುಟ್ಟ ಮಕ್ಕಳಿರುವ ಮನೆಯಲ್ಲಿ ಈ ಕೆಲಸ ಮಾಡಲೇಬಾರದು.

ಅಳತೆ ಟೇಪು ಜೇಬಿನಲ್ಲಿರಬೇಕು. 20-30, 30-40ರ ಸೈಟಿನಲ್ಲಿ ಮೇಲಕ್ಕೆ ಬೆಳೆದ ಮನೆಗಳೇ ಬ್ಯಾಡರಹಳ್ಳಿಯಲ್ಲಿ ಹೆಚ್ಚು, ಮೆಟ್ಟಿಲು ಕಿರಿದು. ತಿರುವಿನ ಅಗಲ ಅಳೆಯದೆ ಮೂರನೆಯ ಮಹಡಿಗೆ ಬೀರು ಕೊಂಡವರಿಗೆ ಅದನ್ನು ಕೆಳಗೇ ಬಿಡುವ ಗತಿ ಬರುತ್ತದೆ. ಬಿಚ್ಚಿ ಜೋಡಿಸಲು ಬರುವಂತೆ ಮಾಡಿದ ಬೀರುಗಳಿವೆ, ಕೇಳಿ ನೋಡಬೇಕು. ಹ್ಯಾಂಗರಿಗೆ ಸುಮಾರು 22 ಇಂಚು ಆಳ ಬೇಕು. ಮಡಚಿದ ಬಟ್ಟೆಗೆಂದು ಮಾಡಿದ ಹಳೆಯ ಬೀರುಗಳಲ್ಲಿ ಅಷ್ಟು ಆಳ ಸಿಗುವುದು ಅಪರೂಪ.

ಕಾನೂನಿನ ಎರಡು ವಿಷಯ ನೆನಪಿರಲಿ. ಆನೆದಂತ ಕೂರಿಸಿದ ಹಳೆಯ ಬೀಟೆ ಪೆಟ್ಟಿಗೆ ಎಷ್ಟೇ ಸುಂದರವಾಗಿದ್ದರೂ ಕೊಳ್ಳುವಂತಿಲ್ಲ. ವನ್ಯಜೀವಿ ಕಾಯ್ದೆಗೆ 1986 ಮತ್ತು 1991ರಲ್ಲಿ ಆದ ತಿದ್ದುಪಡಿಗಳು ದಂತದ ವ್ಯಾಪಾರವನ್ನು ನಿಷೇಧಿಸಿವೆ. ಇನ್ನೊಂದು, ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವ ಆಸೆ. ನೂರು ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಬೀಟೆಯ ಕುಲವೆಲ್ಲ 2017ರಿಂದ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವುದರಿಂದ ನೂರು ದಾಟದ ಬೀಟೆ ಬೀರುವಿಗೂ ಪರವಾನಗಿ ಪತ್ರ ಬೇಕಾಗುತ್ತದೆ.

ಮನೆಗೆ ಬಂದ ಮೇಲೆ ಮೊದಲ ವರ್ಷ ತಾಳ್ಮೆ ಬೇಕು. ಕರಾವಳಿಯ ತೇವದಲ್ಲಿದ್ದ ಕಲೆಂಬಿ ಬೆಂಗಳೂರಿನ ಫೆಬ್ರವರಿ, ಮಾರ್ಚಿನ ಒಣಗಾಳಿಗೆ ಅಡ್ಡಕ್ಕೆ ಕುಗ್ಗುತ್ತದೆ, ಹಲಗೆಗಳ ನಡುವೆ ಸಂದು ಬಿಡುತ್ತದೆ. ನೇರ ಬಿಸಿಲು ಬೀಳದ ಗೋಡೆಗೆ, ನಾಲ್ಕು ಬೆರಳು ಬಿಟ್ಟು ಇಡಬೇಕು. ಹಳೆಯ ಅರಗಿನ ಪಾಲಿಶ್ ಇದ್ದರೆ ಕೆರೆದು ತೆಗೆಸದೆ ಅದರ ಮೇಲೆಯೇ ತೆಳುವಾಗಿ ಮತ್ತೊಮ್ಮೆ ಹಚ್ಚಿಸುವುದು ಮೇಲು. ಪಾಲಿಶ್ ಅರಗಿನದೋ ಅಲ್ಲವೋ ತಿಳಿಯಲು ಕಾಣದ ಮೂಲೆಯಲ್ಲಿ ಒಂದು ಹನಿ ಸ್ಪಿರಿಟ್ ಸಾಕು, ಅರಗಾದರೆ ಅಂಟಂಟಾಗುತ್ತದೆ. ಮಳೆಗಾಲದಲ್ಲಿ ಡ್ರಾಯರು ಉಬ್ಬಿ ಬಿಗಿಯಾದರೆ ತೋಪಡ ಹೊಡೆಸಬಾರದು, ಬೇಸಿಗೆಗೆ ಅದು ಸಡಿಲಾಗಿ ಅಲ್ಲಾಡುತ್ತದೆ. ಉಜ್ಜುವ ಪಟ್ಟಿಗೆ ಮೇಣದಬತ್ತಿ ಸವರಿದರೆ ಸಲೀಸಾಗಿ ಸರಿಯುತ್ತದೆ.