ಹಾಡಿನ ಪುಸ್ತಕ, ನಾಟಕದ ಕರಪತ್ರ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದದ್ದು 1934ರಲ್ಲಿ. ವೈ.ವಿ. ರಾವ್ ನಿರ್ದೇಶನದ ಈ ಚಿತ್ರದಲ್ಲಿ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬ ನಟಿಸಿದ್ದರು. ಈಗ ನೋಡೋಣವೆಂದರೆ ಅದರ ಪ್ರತಿಯೇ ಸಿಗುವುದಿಲ್ಲ. ಇಂಥ ಚಿತ್ರಗಳಿಗೆ ಹಳೆಯ ಫೋಟೊ, ಪೋಸ್ಟರ್, ಪತ್ರಿಕಾ ಜಾಹೀರಾತುಗಳೇ ಸಾಕ್ಷಿ.

ಸಂಗ್ರಾಹಕರಿಗೆ ಬಲು ಪ್ರಿಯವಾದದ್ದು ಹಾಡಿನ ಪುಸ್ತಕ. ಟಾಕೀಸಿನಲ್ಲಿ ಪುಡಿಗಾಸಿಗೆ ಮಾರುತ್ತಿದ್ದ ಆ ತೆಳು ಪುಸ್ತಕದಲ್ಲಿ ಪಾತ್ರವರ್ಗ, ಕಥಾಸಾರ, ಹಾಡುಗಳ ಸಾಹಿತ್ಯ ಎಲ್ಲವೂ ಇರುತ್ತಿದ್ದವು.

ರಂಗಭೂಮಿಯನ್ನು ಬಿಟ್ಟರೆ ಇಂಥ ಸಿನಿಮಾ ಸಂಗ್ರಹ ಅರ್ಧವೇ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. 1954ರ ‘ಬೇಡರ ಕಣ್ಣಪ್ಪ’ನಿಂದ ನಾಯಕರಾದ ರಾಜ್‌ಕುಮಾರ್ ಸಿನಿಮಾಕ್ಕೆ ಬಂದದ್ದೂ ನಾಟಕದಿಂದಲೇ.

ಬೆಂಗಳೂರು ಗ್ರಾಮಾಂತರದ ಹಳ್ಳಿಗಳಲ್ಲಿ ಇಂದಿಗೂ ಪೌರಾಣಿಕ ನಾಟಕವೆಂದರೆ ಕರಪತ್ರ ಅಚ್ಚಾಗಲೇಬೇಕು. ಪಾತ್ರಧಾರಿಗಳು, ಹಾರ್ಮೋನಿಯಂ ಮೇಷ್ಟ್ರು, ಸೀನರಿಯವರು, ಎಲ್ಲರ ಹೆಸರೂ ಅದರಲ್ಲಿರುತ್ತದೆ. ದೇವನಹಳ್ಳಿ ಬಳಿಯ ನಲ್ಲೂರಿನಂಥ ಊರಿಗೆ ತನ್ನ ರಂಗಚರಿತ್ರೆ ಬರೆದುಕೊಳ್ಳಲು ಇದಕ್ಕಿಂತ ಒಳ್ಳೆಯ ದಾಖಲೆ ಬೇಕೆ?

ಇಂಥ ಹಳೆಯ ಕಾಗದಗಳನ್ನು ಜೋಪಾನ ಮಾಡುವುದು ಕಷ್ಟವೇನಲ್ಲ. ಹಾಳೆಯನ್ನು ಮಡಚದೆ, ಬಿಸಿಲು ಮತ್ತು ತೇವ ತಾಗದಂತೆ ಇಡಬೇಕು. ಹರಿದಲ್ಲಿ ಸೆಲೊಟೇಪ್ ಅಂಟಿಸಿದರೆ ಕಾಲಕ್ರಮದಲ್ಲಿ ಹಳದಿ ಕಲೆ ಉಳಿಯುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಮತ್ತೆ ಬಿಡಿಸುವುದು ದುಸ್ತರ. ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಊರು, ವರ್ಷ, ಕೊಟ್ಟವರ ಹೆಸರು ಬರೆದಿಡಿ. 1964ರಲ್ಲಿ ಪುಣೆಯಲ್ಲಿ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಸಿನಿಮಾ ರೀಲುಗಳ ಜೊತೆಗೆ ಪೋಸ್ಟರ್, ಹಾಡಿನ ಪುಸ್ತಕಗಳನ್ನೂ ಕಾಪಾಡುತ್ತಿದೆ. ಅಟ್ಟದ ಟ್ರಂಕಿನಲ್ಲಿ ಅಂಥದ್ದೇನಾದರೂ ಸಿಕ್ಕರೆ ರದ್ದಿಗೆ ಹಾಕುವ ಮುನ್ನ ಮನೆಯ ಹಿರಿಯರನ್ನು ಕೇಳಿ ವಿವರ ಬರೆದುಕೊಳ್ಳಿ.