ಬೆಲ್ಲ, ಜೇನು ಮತ್ತು ಗ್ರಾಹಕರ ನಂಬಿಕೆ: ವರ್ತಕರು ಅರಿತಿರಬೇಕಾದ ಅಂಶಗಳು

ಮನೆಗೆ ಬಂದವರನ್ನು ಬೆಲ್ಲ-ನೀರು ಕೊಟ್ಟು ಉಪಚರಿಸುವುದು ನಮ್ಮ ಜಿಲ್ಲೆಯ ಹಳೆಯ ಪದ್ಧತಿ. ಕಾಲಕ್ರಮೇಣ ಆ ಸ್ಥಾನವನ್ನು ಸಕ್ಕರೆಯ ಶರಬತ್ತು ಮತ್ತು ಚಹಾ ಆಕ್ರಮಿಸಿದವು. ಈಗ ಪುತ್ತೂರು, ಸುಳ್ಯ, ಕಡಬ ಪೇಟೆಗಳಲ್ಲಿ ಬೆಲ್ಲ, ಜೋನಿಬೆಲ್ಲ, ಓಲೆಬೆಲ್ಲಗಳನ್ನು ಆರೋಗ್ಯದ ದೃಷ್ಟಿಯಿಂದಲೇ ಕೇಳಿ ಕೊಳ್ಳುವ ಗ್ರಾಹಕರಿದ್ದಾರೆ. ಪುತ್ತೂರಿನ ಜೇನು ವ್ಯವಸಾಯಗಾರರ ಸಹಕಾರಿ ಸಂಘದ ‘ಮಾಧುರಿ’ ಜೇನುತುಪ್ಪವಂತೂ ಇಲ್ಲಿ ಪರಿಚಿತವಾದುದೇ. ಈ ಒಲವನ್ನು ವ್ಯಾಪಾರವಾಗಿ ಪರಿವರ್ತಿಸುವಾಗ ವರ್ತಕರು ಎಡವುವ ಸಂಭವವಿರುವುದು ಎರಡು ಕಡೆ: ಲೇಬಲಿನಲ್ಲಿ ಮತ್ತು ತೆರಿಗೆಯಲ್ಲಿ.

ಬೆಲ್ಲದಲ್ಲಿ ಅಲ್ಪ ಪ್ರಮಾಣದ ಖನಿಜಾಂಶಗಳಿರುವುದು ನಿಜ. ಆದರೆ ಅದರ ಬಹುಪಾಲು ಸಕ್ಕರೆಯ ಅಂಶವೇ. ವಿಶ್ವ ಆರೋಗ್ಯ ಸಂಸ್ಥೆಯು 2015ರ ಮಾರ್ಗಸೂಚಿಯಲ್ಲಿ ಜೇನಿನ ಸಿಹಿಯನ್ನೂ ಮಿತಿಗೊಳಿಸಬೇಕಾದ ಸಕ್ಕರೆಗಳ ಸಾಲಿನಲ್ಲಿಯೇ ಸೇರಿಸಿದೆ. ಆದುದರಿಂದ ಬೆಲ್ಲದ ಎಳ್ಳುಂಡೆಯ ಪೊಟ್ಟಣದ ಮೇಲೆ ‘ಸಕ್ಕರೆ ಸೇರಿಸಿಲ್ಲ’ ಎಂದು ಮುದ್ರಿಸುವುದು ಸರಿಯಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಾವಳಿಯಂತೆ, ಯಾವುದೇ ರೂಪದ ಸಕ್ಕರೆಯನ್ನು ಸೇರಿಸದಿದ್ದರೆ ಮಾತ್ರ ಹಾಗೆ ಹೇಳಬಹುದು. ‘ಸಕ್ಕರೆರಹಿತ’ ಎನ್ನಲು 100 ಗ್ರಾಮಿಗೆ 0.5 ಗ್ರಾಮ್ ಮೀರಬಾರದು. 2006ರ ಕಾಯ್ದೆಯಲ್ಲಿ ತಪ್ಪು ಲೇಬಲಿಗೆ 3 ಲಕ್ಷ ರೂಪಾಯಿಗಳವರೆಗೆ, ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡಕ್ಕೆ ಅವಕಾಶವಿದೆ. ‘ಬೆಲ್ಲದಿಂದ ತಯಾರಿಸಿದ್ದು’ ಎಂಬ ಸರಳ ವಾಕ್ಯವೇ ಸತ್ಯವೂ ಹೌದು, ಸಾಕಷ್ಟು ಆಕರ್ಷಕವೂ ಹೌದು.

ಇನ್ನು ತೆರಿಗೆ. ಸಕ್ಕರೆಗೆ ಬಿಡಿಯಾಗಿ ಮಾರಿದರೂ ಶೇ. 5 ಜಿಎಸ್‌ಟಿ ಇದೆ. ಗ್ರಾಹಕರ ಎದುರಿನಲ್ಲಿ ತೂಗಿ ಕೊಡುವ ಬೆಲ್ಲಕ್ಕೂ ಜೇನಿಗೂ ತೆರಿಗೆಯಿಲ್ಲ. ಆದರೆ 2022ರ ಜುಲೈ 18ರಿಂದ, ಮುಂಚಿತವಾಗಿ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಬೆಲ್ಲಕ್ಕೆ, ಹಾಗೆಯೇ ಬಾಟಲಿಯ ಜೇನಿಗೆ, ಶೇ. 5 ತೆರಿಗೆ ಅನ್ವಯವಾಗುತ್ತದೆ. ಜೋನಿಬೆಲ್ಲಕ್ಕೂ 2023ರ ಮಾರ್ಚ್ 1ರಿಂದ ಇದೇ ಕ್ರಮ. ಉದಾಹರಣೆಗೆ, ತೆರಿಗೆ ಸೇರಿ 70 ರೂಪಾಯಿಗೆ ಮಾರುವ ಪೊಟ್ಟಣದಲ್ಲಿ 3 ರೂಪಾಯಿ 33 ಪೈಸೆ ಸರಕಾರಕ್ಕೆ ಸಲ್ಲಬೇಕು. ಬಿಡಿ ಬೆಲ್ಲವನ್ನು ತೆರಿಗೆಯಿಲ್ಲದೆ ಖರೀದಿಸಿರುವುದರಿಂದ ಬೆಲ್ಲದ ಬಾಬ್ತು ಹೂಡುವಳಿ ತೆರಿಗೆಯ ಜಮೆಯೂ ದೊರೆಯದು. ಬೆಲೆ ನಿಗದಿಪಡಿಸುವ ಮುನ್ನವೇ ಈ ಲೆಕ್ಕ ಹಾಕದಿದ್ದರೆ ಲಾಭಾಂಶವೇ ಕರಗಿಹೋಗುವುದು.

ಸುಳ್ಯದ ವರ್ತಕರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಸರಕು ಮಾತ್ರ ಮಾರುವವರಿಗೆ ವಾರ್ಷಿಕ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಕಡ್ಡಾಯವಲ್ಲ ಎಂಬುದು ಸಾಮಾನ್ಯ ನಿಯಮ. ಆದರೆ ಲೇಬಲ್ ಹಚ್ಚಿದ ಪೊಟ್ಟಣಗಳನ್ನು ಗಡಿಯಾಚೆ ಕಾಸರಗೋಡು ಜಿಲ್ಲೆಯ ಅಂಗಡಿಗೆ ಪೂರೈಸಿದರೆ ಅದು ಅಂತರರಾಜ್ಯ ಮಾರಾಟವಾಗುವುದರಿಂದ, ವಹಿವಾಟು ಎಷ್ಟೇ ಕಡಿಮೆಯಿದ್ದರೂ ನೋಂದಣಿ ಕಡ್ಡಾಯ.

ಗ್ರಾಹಕರು ಇಂದು ಬೆಲ್ಲಕ್ಕೆ ಹೆಚ್ಚು ಬೆಲೆ ಕೊಡುವುದು ನಂಬಿಕೆಯಿಂದ. ಆದುದರಿಂದ ಹೊಸ ಪೊಟ್ಟಣವನ್ನು ಮಾರುಕಟ್ಟೆಗೆ ತರುವವರು ಲೇಬಲಿನ ಕರಡನ್ನೂ ಬೆಲೆಯ ಲೆಕ್ಕವನ್ನೂ ಮುದ್ರಣಕ್ಕೆ ಮೊದಲೇ ಪರಿಶೀಲಿಸಿಕೊಳ್ಳುವುದು ಲೇಸು.