ಕೊಂದವರಾರು?

ಸೀಲ್ ಎಂದೊಡನೆ, ಬಂಡೆಯ ಮೇಲೆ ಮೈಚಾಚಿ ಬಿಸಿಲು ಕಾಯುವ, ಮೀನು ತಿಂದು ಬದುಕುವ ಸಾಧುಪ್ರಾಣಿಯೊಂದರ ಚಿತ್ರ ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ಈ ಚಿತ್ರ ಎಷ್ಟು ಅಪೂರ್ಣವೆಂಬುದನ್ನು ಯೂರೋಪಿನ ಉತ್ತರ ಸಮುದ್ರದ ಕರೆಯಲ್ಲಿ ದೊರೆತ ಕಳೇಬರಗಳು ತಿಳಿಸಿಕೊಟ್ಟಿವೆ.

ಆ ಸಮುದ್ರದಲ್ಲಿ ಪಾರ್ಪಾಯಿಸ್ ಎಂಬ ಪ್ರಾಣಿಯುಂಟು. ಸುಮಾರು ಒಂದೂವರೆ ಮೀಟರ್ ಉದ್ದದ ಇದು ಡಾಲ್ಫಿನ್ನಿನ ಬಂಧು. ಆಕಾರ ಮೀನಿನದಾದರೂ ಶ್ವಾಸಕೋಶದಿಂದ ಉಸಿರಾಡಿ, ಮರಿಗೆ ಹಾಲೂಡಿಸುವ ಸಸ್ತನಿ. ಈ ಶತಮಾನದ ಮೊದಲ ವರ್ಷಗಳಲ್ಲಿ, ನೆದರ್ಲೆಂಡ್ಸಿನ ದಡಕ್ಕೆ ಸತ್ತು ಬಂದ ಅನೇಕ ಪಾರ್ಪಾಯಿಸುಗಳ ಚರ್ಮವೂ ಕೊಬ್ಬೂ ಚೂರಿಯಿಂದ ಕೊಯ್ದಂತೆ ಸೀಳಿದ್ದುವು. ಕೊಂದವರಾರು? ಕೆಲವರು ಮೀನುಗಾರರತ್ತ ಬೆರಳು ತೋರಿದರು. ಕೆಲವರು ಹಡಗುಗಳನ್ನು ದೂರಿದರು.

2012ರಲ್ಲಿ ಬೆಲ್ಜಿಯಮ್ಮಿನ ವಿಜ್ಞಾನಿಗಳು ಬೇರೊಂದು ಸಂದೇಹವನ್ನು ಮುಂದಿಟ್ಟರು: ಕೊಂದುದು ಬೂದು ಸೀಲ್ ಆಗಿರಬಹುದೆ? ಈ ಜಾತಿಯ ಬೆಳೆದ ಗಂಡು 2 ಮೀಟರಿಗೂ ಮೀರಿದ ಉದ್ದ, 200 ಕಿಲೋಗ್ರಾಮಿಗೂ ಮೀರಿದ ತೂಕ ಉಳ್ಳದ್ದು.

ಆದರೆ ಸಂದೇಹ ಪ್ರಮಾಣವಾಗಲಾರದು. ಕಚ್ಚಿದ ಪ್ರಾಣಿಯ ಜೊಲ್ಲು ಗಾಯಕ್ಕೆ ಅಂಟುತ್ತದೆ, ಅದರಲ್ಲಿರುವ ಡಿ.ಎನ್.ಎ.ಯಿಂದ ಪ್ರಾಣಿಯ ಜಾತಿಯನ್ನು ಗುರುತಿಸಬಹುದು. ಹೊರಮೈಯನ್ನು ಸಮುದ್ರ ತೊಳೆದರೂ, ಹಲ್ಲು ಆಳವಾಗಿ ಊರಿದ ತೂತುಗಳಲ್ಲಿ ಅದು ಉಳಿದಿರಬಹುದಷ್ಟೆ. ಹೀಗೆ ಹುಡುಕಿದಾಗ ಮೂರು ಪಾರ್ಪಾಯಿಸುಗಳ ಗಾಯಗಳಲ್ಲಿ ಬೂದು ಸೀಲಿನ ಡಿ.ಎನ್.ಎ. ದೊರೆಯಿತು. ಈ ಸಂಗತಿ 2014ರಲ್ಲಿ ಪ್ರಕಟವಾಯಿತು.

ಆಮೇಲೆ ಆ ಮೂರರ ಗಾಯಗಳನ್ನೇ ಮಾದರಿಯಾಗಿಟ್ಟುಕೊಂಡು, 2003ರಿಂದ 2013ರವರೆಗೆ ನೆದರ್ಲೆಂಡ್ಸಿನ ದಡ ಸೇರಿದ 1081 ಪಾರ್ಪಾಯಿಸುಗಳ ಛಾಯಾಚಿತ್ರಗಳನ್ನು ಪರಿಶೀಲಿಸಲಾಯಿತು. ಖಚಿತವಾಗಿ ಹೇಳುವಷ್ಟು ಕೊಳೆಯದೆ ಉಳಿದಿದ್ದವು 271. ಅವುಗಳಲ್ಲಿ ನೂರಕ್ಕೆ 25ರ ಮೇಲೆ ಅಂಥದೇ ಹಲ್ಲಿನ ಮತ್ತು ಉಗುರಿನ ಗುರುತುಗಳಿದ್ದುವು.

ಸತ್ತು ತೇಲುತ್ತಿದ್ದುದನ್ನು ಸೀಲ್ ತಿಂದಿರಬಾರದೇಕೆ ಎಂದು ನಾವು ಕೇಳಬಹುದು. ಆದರೆ ಬಲಿಯಾದವುಗಳಲ್ಲಿ ಹೆಚ್ಚಿನವು ಎಳೆಯವು, ಆರೋಗ್ಯವಂತವು; ಮೈಯಲ್ಲಿ ದಪ್ಪ ಕೊಬ್ಬಿತ್ತು, ಸಾಯುವುದಕ್ಕೆ ಸ್ವಲ್ಪ ಮುನ್ನ ಆಹಾರವನ್ನೂ ತಿಂದಿದ್ದುವು. ರೋಗದಿಂದ ಸೊರಗಿ ಸತ್ತವುಗಳ ಲಕ್ಷಣ ಇದಲ್ಲ. ಸೀಲ್ ಪಾರ್ಪಾಯಿಸಿನ ಮೇಲೆರಗಿದುದನ್ನು ಕಣ್ಣಾರೆ ಕಂಡವರೂ ಉಂಟು. ಸೀಲಿಗೆ ಬೇಕಾದುದು ಆ ಕೊಬ್ಬು. ಶಕ್ತಿಯ ಭಂಡಾರವೇ ಅದು.

ಇದರಿಂದ ಬಲೆಗಳು ನಿರ್ದೋಷಿಗಳೆಂದು ತಿಳಿಯಬಾರದು. ಬಲೆಗೆ ಸಿಕ್ಕಿ ಉಸಿರುಗಟ್ಟಿ ಸಾಯುವ ಪಾರ್ಪಾಯಿಸುಗಳು ಇಂದಿಗೂ ಉಂಟು. ಕೊಲ್ಲುವ ಸೀಲಿಗೂ ಸಾಯುವ ಪಾರ್ಪಾಯಿಸಿಗೂ ಯೂರೋಪಿನ ಕಾನೂನು ರಕ್ಷಣೆ ನೀಡಿದೆ. ಒಂದು ಸಾವನ್ನು ನಾವು ತಡೆಯಬಲ್ಲೆವು. ಇನ್ನೊಂದು ಪ್ರಕೃತಿಯ ವ್ಯವಹಾರ. ಇವೆರಡನ್ನೂ ಬೇರ್ಪಡಿಸಿ ನೋಡುವುದನ್ನು ನಮಗೆ ಕಲಿಸಿದುದು ಗಾಯದೊಳಗೆ ಉಳಿದ ಜೊಲ್ಲಿನ ಒಂದು ಹನಿ.